ಫ್ರೀಜರಿನಲ್ಲೇ ಉಳಿದ ನಾಲ್ಕು ಬಾಟಲಿ

ಎಫ್ರೆನ್,

ಈಗ ಬೆಳಿಗ್ಗೆ ಹತ್ತೂಕಾಲು. ಅಪ್ಪ ಇನ್ನೂ ಬಂದಿಲ್ಲ. ಐದೂವರೆಗೆ ಹೊರಟವರು ಮೂರು ಪಾರ್ಕಿನಲ್ಲಿ ಹಕ್ಕಿ ನೋಡಿ ಒಂಬತ್ತಕ್ಕೆಲ್ಲ ಮನೆಯಲ್ಲಿರುತ್ತೇನೆ ಎಂದಿದ್ದರು. ಅವರಿಗೆಂದು ನಿನ್ನೆ ಹೆಪ್ಪುಗಟ್ಟಲು ಇಟ್ಟ ನಾಲ್ಕು ಬಾಟಲಿ ನೀರೂ ಫ್ರೀಜರಿನಲ್ಲೇ ಇವೆ. ಬೇಕರಿಗೆ ಹೋಗುವ ಮುಂಚೆ ಅವರ ಚೀಲಕ್ಕೆ ಹಾಕುತ್ತೇನೆ ಎಂದವನು ನೀನು. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ಬಾತುಕೋಳಿ ಕೆರೆಯ ಪಾರ್ಕಿನಲ್ಲಿ ಹಣ್ಣು ಮಾರುವ ಒಫೆಲಿಯಾಗೆ ಫೋನ್ ಮಾಡಿ ಕೇಳಿದೆ. "ಏಳಕ್ಕೇ ಗುಡ್ಡದ ಪಾರ್ಕಿಗೆ ಹೋದ್ರಲ್ಲಮ್ಮ. ಕಲ್ಲಂಗಡಿ ರಸ ಕುಡೀರಿ ಅಂದೆ. 'ನನ್ ಮಗ ಚೀಲದ ತುಂಬ ಐಸ್ ತುಂಬಿದಾನೆ, ನಿನ್ ಸಕ್ಕರೆ ನೀರು ಯಾರಿಗ್ ಬೇಕು' ಅಂತ ರೇಗಿಸಿ ಹೋದ್ರು," ಎಂದಳು. ದುರ್ಬೀನು, ಹಕ್ಕಿ ಪುಸ್ತಕದ ಭಾರಕ್ಕೆ ಬಾಟಲಿ ಇಲ್ಲದ್ದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ನೀನು ಹೇಳಿದ ಮೇಲೆ ಅವರು ಚೀಲ ತೆರೆದು ನೋಡುವವರೂ ಅಲ್ಲ.

ಗುಡ್ಡದ ದಾರಿಯಲ್ಲಿ ನೆರಳಿಲ್ಲ, ನಲ್ಲಿಯಿಲ್ಲ. ಬಿಸಿಲು ಆಗಲೇ ನೂರ ಎಂಟು ಡಿಗ್ರಿ ಫ್ಯಾರನ್‌ಹೀಟ್. ಅವರ ಫೋನು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ.

ನಾನು ಒಂದು ಕ್ಯಾನ್ ನೀರು ತೆಗೆದುಕೊಂಡು ಅಲ್ಲಿಗೇ ಹೊರಟಿದ್ದೇನೆ. ಪಾರ್ಕಿನ ಕಾವಲಿನವರಿಗೆ ಹೇಳಿದ್ದೇನೆ, ಅವರು ಮನೆಯ ಫೋನಿಗೆ ಕರೆ ಮಾಡುತ್ತಾರೆ. ನೀನು ಬಂದ ಮೇಲೆ ಆ ಫೋನು ಬಿಟ್ಟು ಕದಲಬೇಡ. ಅಪ್ಪ ತಾವೇ ಬಂದರೆ ನೆರಳಲ್ಲಿ ಮಲಗಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ, ಗುಟುಕು ಗುಟುಕಾಗಿ ನೀರು ಕುಡಿಸು.

ಬಾಟಲಿ ಮರೆತದ್ದು ನಾನು ಎಂದು ಅವರಿಗೆ ಹೇಳುತ್ತೇನೆ. ನೀನು ಎದುರಾಡಬೇಡ.

ಅಕ್ಕ,
ನಿಲ್ದಾ