ಗುಬ್ಬಿಗೆ ಹೇಳಿದ ಸಾಲು

ಸೆಪ್ಟೆಂಬರ್ 9, ಮಂಗಳವಾರ

ಪುಸ್ತಕ ಆರಿಸುವುದರಲ್ಲೇ ಎಡವಿದೆ. ಲೈಬ್ರರಿಯಲ್ಲಿ ಮೈಂಡ್ ರೀಡಿಂಗ್ ಕಲಿಸುವ ಪುಸ್ತಕ ಎರಡೇ ಇದ್ದವು. ಒಂದು ಇಸ್ಪೀಟೆಲೆಯದು, ಇನ್ನೊಂದು ಮುಖ ನೋಡಿ ಮಾತಾಡುವುದು. "ಹೊಸಬರಿಗೆ ಇಸ್ಪೀಟೇ ಸಾಕಮ್ಮ. ಎಲೆ ತಪ್ಪಿದ್ರೆ ಜನ ನಗ್ತಾರೆ, ಅಷ್ಟೆ," ಎಂದರು ಲೈಬ್ರರಿ ಮೇಡಂ. ನನಗೆ ಇಸ್ಪೀಟು ಬೋರ್. ಎರಡನೆಯದನ್ನೇ ತಂದೆ.

ಊಟವಾದ ಮೇಲೆ ರೂಮ್‌ಮೇಟ್ ಗುಬ್ಬಿಯ ಮೇಲೆ ಮೊದಲ ಪ್ರಯೋಗ. ಯಾರಿಗೆ ಹೇಳಿದರೂ ಹೊಂದುವ ಸಾಲೊಂದು ನಾಲ್ಕನೇ ಪುಟದಲ್ಲಿತ್ತು. ಅವಳ ಕೈ ಹಿಡಿದು ಗಂಭೀರವಾಗಿ ಅದನ್ನೇ ಹೇಳಿದೆ. "ಮನೇಲಿ ಹೇಳ್ದೆ ಇರೋ ವಿಷ್ಯ ಒಂದಿದೆ ನಿನ್ಹತ್ರ."

ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಕೈ ತಣ್ಣಗಾಯಿತು.

"ಯಾರೇ ಹೇಳಿದ್ದು ನಿಂಗೆ?"

"ಯಾರೂ ಇಲ್ಲ. ನಿನ್ ಮನಸ್ಸು ಓದ್ದೆ."

ಹಾಗೆ ಅನ್ನಬಾರದಿತ್ತು. ಎದ್ದು ಬಾಗಿಲಿಗೆ ಚಿಲಕ ಹಾಕಿ ಬಂದಳು. ಕಂಕುಳಲ್ಲಿ ಗಂಟು ಎದ್ದು ಎರಡು ತಿಂಗಳಾಯಿತಂತೆ. ಅಮ್ಮನಿಗೂ ಹೇಳಿಲ್ಲವಂತೆ. ನಾಳೆ ಡಾಕ್ಟರ್ ಅಪಾಯಿಂಟ್‌ಮೆಂಟ್.

"ಹೇಗೂ ನಿಂಗೆ ಗೊತ್ತಾಗುತ್ತಲ್ಲ, ಹೇಳೇ. ಅದು ಕೆಟ್ಟದ್ದಾ?"

"ಏನೂ ಇಲ್ಲ ಬಿಡೇ," ಎಂದುಬಿಟ್ಟೆ.

"ಹಾಗಾದ್ರೆ ನಾಳೆ ಹೋಗಲ್ಲ ಕಣೇ. ಸೂಜಿ ಕಂಡ್ರೇನೇ ನಂಗೆ ಅರ್ಧ ಜೀವ ಹೋಗುತ್ತೆ," ಎಂದು ನಕ್ಕು ಮಲಗಿದಳು.

ಈಗ ಸಣ್ಣಗೆ ಗೊರಕೆ. ನನಗೆ ಯಾರ ಮನಸ್ಸೂ ಗೊತ್ತಾಗುವುದಿಲ್ಲ, ಆ ಗಂಟಿನ ವಿಷಯವಂತೂ ದೇವರಾಣೆಗೂ ಗೊತ್ತಿಲ್ಲ. ನಿಜ ಹೇಳಿದರೆ ಮೋಸಗಾತಿ ಅನ್ನುತ್ತಾಳೆ, ಮಾತು ಬಿಡುತ್ತಾಳೆ. ಈ ಹಾಸ್ಟೆಲಿನಲ್ಲಿ ನನಗಿರುವುದು ಅವಳೊಬ್ಬಳೇ.

ಬಿಟ್ಟರೆ ಬಿಡಲಿ. ಈಗಲೇ ಎಬ್ಬಿಸುತ್ತೇನೆ. ಬೆಳಗಿನ ತನಕ ಕಾದರೆ ನನ್ನ ಧೈರ್ಯ ಉಳಿಯುವುದಿಲ್ಲ.