ಮನೆಮಗ ತಂದ ಪಾಲ್ಕೋವಾ

ಕಂಬಂ,
೧೨ ಆಗಸ್ಟ್ ೨೦೨೪

ಮುದ್ದಿನ ತಂಬಿ ಮಾದವನ್‌ಗೆ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಮುಂಬೈ ಮಂಡಿಯಲ್ಲಿ ದ್ರಾಕ್ಷಿ ಪೆಟ್ಟಿಗೆ ಹೊರಲು ಆಳುಗಳಿದ್ದಾರಲ್ಲ, ನೀನೇಕೆ ಹೊರುತ್ತೀಯ ಸಾಮಿ? ನಾವೆಲ್ಲ ಸೌಖ್ಯ ಎಂದು ಬರೆಯಬೇಕು, ಆದರೆ ಸೌಖ್ಯವಿಲ್ಲ. ಹೋದ ವಾರ ನೀನು ಹೊರಟಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇವತ್ತೂ ಒಲೆಯ ಮೇಲೆ ಹಾಲಿಟ್ಟು ಮರೆತೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಅಲ್ಲ ಕಣೋ, ನಾಲ್ಕು ವರ್ಷದ ಮೇಲೆ ಊರಿಗೆ ಬರುವವನು ಮಧುರೈ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಯಾಕೆ ನಿಂತೆ? ಶ್ರೀವಿಲ್ಲಿಪುತ್ತೂರಿನ ಪಾಲ್ಕೋವಾ, ಅದಕ್ಕೊಂದು ಗೋಪುರದ ಚಿತ್ರದ ಡಬ್ಬ, ಮೇಲೆ ಕೆಂಪು ರಿಬ್ಬನ್! ನಮ್ಮ ಸೀಮೆಯ ಸಿಹಿಯನ್ನು ನಮಗೇ ತಂದೆಯಲ್ಲ! ಆಸೆಯಿಂದ ತಂದೆ, ಗೊತ್ತು. ಆದರೆ ನಮ್ಮ ಜನದ ರೂಢಿ ಮರೆತೇಹೋಯಿತೇ? ಮನೆಮಗ ಬರಿಗೈಯಲ್ಲಿ ಬರುತ್ತಾನೆ, ನೇರ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆಯುತ್ತಾನೆ. ಸಿಹಿಯ ಪೊಟ್ಟಣ ಹಿಡಿದು ಬರುವವನು ವಿರುಂದಾಳಿ, ಅತಿಥಿ. ನೀನು ಹೊಸಿಲಲ್ಲಿ ನಿಂತು ಡಬ್ಬ ನೀಡಿದಾಗ ನಾನು ಎದುರುಮನೆಯಿಂದ ಓಡಿಬಂದಿದ್ದೆ. ಅವ್ವನ ಮುಖ ಸಣ್ಣಗಾಯಿತು. "ವಾಂಗ, ಕುಂತ್ಕಳಿ" ಎಂದು ಹೆತ್ತ ಮಗನಿಗೆ ಬಾ ಎನ್ನದೆ ಬಹುವಚನ ಹಾಕಿದಳು! ಬಾಳೆಲೆ ಹಾಕಿ ಬಡಿಸಿದಳು, ಆದರೆ ಗದರಲಿಲ್ಲ, ಬಲವಂತ ಮಾಡಲಿಲ್ಲ. ನಿನಗೂ ರೋಷ ಬಂತು, ಮರುದಿನವೇ ಚೀಲ ಎತ್ತಿಕೊಂಡು ಹೊರಟೆ. ತಾಯಿಗೆ ತಕ್ಕ ಮೊಂಡ ನೀನು.

ನಡುವೆ ಸಿಕ್ಕಿಕೊಂಡವಳು ನಾನು. ಇದೇ ವಾರ ಹುಟ್ಟುವ ಆವಣಿ ತಿಂಗಳಲ್ಲಿ ನನ್ನ ಸರಣ್ಯಾಗೆ ಕಿವಿ ಚುಚ್ಚಿಸಬೇಕು. ಮಗು ಸೋದರಮಾವನ ತೊಡೆಯ ಮೇಲೆ ಕೂರದೆ ಅದು ಆದದ್ದುಂಟೇ? "ನನ್ನ ತಮ್ಮನ ತೊಡೆ ಸಾಕು ಬಿಡು" ಎನ್ನುತ್ತಾರೆ ನಿನ್ನ ಭಾವ ಜೀವಾ. ಕೇಳಿ ಮೈಯೆಲ್ಲ ಉರಿಯಿತು. ನನ್ನ ತಮ್ಮ ಕಲ್ಲುಗುಂಡಿನ ಹಾಗೆ ಇರುವಾಗ ಯಾರದೋ ತೊಡೆಯೇ? ನೀನು ಬಾರದಿದ್ದರೆ ಅವಳ ಕಿವಿ ಹಾಗೇ ಇರಲಿ, ದೊಡ್ಡವಳಾಗಿ ನಿನ್ನನ್ನೇ ಬೈಯಲಿ. ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಹೋಗಿ ನೋಡುತ್ತೇನೆ ಕಣೋ, ನಾಚಿಕೆಯಾಗುತ್ತದೆ.

ದೇವರು ನಿನ್ನ ಬೆನ್ನಿಗೂ ಬುದ್ಧಿಗೂ ಒಳ್ಳೆಯದು ಮಾಡಲಿ.

ಸಿಟ್ಟಿನಲ್ಲೂ ನಿನ್ನನ್ನೇ ನೆನೆಯುವ ಅಕ್ಕ,
ಮಣಿಮೇಗಲೈ

ತಾ.ಕ.: ಅಂಚೆಗೆ ಹಾಕಲು ಸಮಯವಿಲ್ಲ, ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ಅವ್ವ ಈಗಷ್ಟೇ, ವಿಮಾನ ಹತ್ತಿಸಿ ಬರಲು ಹೊರಟ ನಿನ್ನ ಭಾವನ ಜೊತೆ ಮಧುರೈ ಬಸ್ಸು ಹತ್ತಿದಳು. ನನಗೂ ಹೇಳದೆ ಮುಂಬೈಗೆ ಟಿಕೆಟ್ ತೆಗೆಸಿದ್ದಾಳೆ! "ಅವ ವಿರುಂದಾಳಿಯಾಗಿ ಬಂದ, ನಾನೂ ಹಂಗೇ ಹೋಯ್ತೀನಿ. ಅದೇ ಅಂಗಡೀಲಿ ಡಬ್ಬ ತಕ್ಕತೀನಿ" ಅಂದಳು. ಎಂದೂ ವಿಮಾನ ಹತ್ತಿದವಳಲ್ಲ, ಸಂಜೆ ನಿಲ್ದಾಣಕ್ಕೇ ಹೋಗು. ಡಬ್ಬ ನೀಡಿದರೆ ಮರ್ಯಾದೆಯಿಂದ ಇಸಿದುಕೊಳ್ಳಬೇಡ ತಂಬಿ. "ಮಗನ ಮನೆಗೆ ಬರಾಕೆ ಇದ್ಯಾಕವ್ವಾ" ಅಂತ ಚೆನ್ನಾಗಿ ಬೈದುಬಿಡು.