ಸೂಚಿಯಲ್ಲಿ ಉಳಿದ ದಮಯಂತಿ

ಮುಳ್ಳೇರಿಯ
12 ಆಗಸ್ಟ್ 2009

ಗೌರವದ ಈಶ್ವರಪ್ರಸಾದ ಮಾಷ್ಟ್ರಿಗೆ,

ಎದುರು ನಿಂತು ಕೇಳುವ ಧೈರ್ಯ ನನಗಿಲ್ಲ. ಅದಕ್ಕೆ ಈ ಕಾಗದ.

ಬಿ.ಎ. ಮುಗಿಸಿ ಸುಮ್ಮನೆ ಕೂತಿದ್ದ ನನಗೆ, ವಾಚನಾಲಯದ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಹುಡುಕುವ ಹಾಗೆ ಮಾಡುವ ಕೆಲಸ ಕೊಡಿಸಿದವರು ನೀವು. "ಇಡೀ ಪುಸ್ತಕ ಟೈಪ್ ಮಾಡಲಿಕ್ಕೆ ನಿನಗೆ ಎಂತ ಮರುಳಾ? ಕೊನೆಗೆ ಇರುವ ಪದಸೂಚಿ ಮಾತ್ರ ಹೊಡಿ ಮಾರಾಯ್ತಿ. ಹೆಸರು ಕೊಟ್ಟರೆ ಯಾವ ಪುಸ್ತಕ, ಯಾವ ಪುಟ ಅಂತ ಅದೇ ಹೇಳ್ತದೆ" ಎಂದು ನಕ್ಕಿರಿ. ನನಗೊಂದು ಚಾಳಿ. ಟೈಪ್ ಮಾಡಿದ ಪ್ರತಿ ಹೆಸರಿಗೂ ಆ ಪುಟ ತೆರೆದು ನೋಡದೆ ಮುಂದೆ ಹೋಗುವುದಿಲ್ಲ. ನೀವು ಸಂಗ್ರಹಿಸಿ ಬರೆದ ಹೊಳೆಬದಿಯ ಹಾಡುಗಳ ಪುಸ್ತಕ ಕೈಗೆತ್ತಿಕೊಂಡ ದಿನ ಮಾತ್ರ "ಅದರ ಪುಟ ನೋಡುವುದು ಬೇಡ, ನಾನೇ ನೋಡಿದ್ದು ಉಂಟಲ್ಲ" ಎಂದಿರಿ. ಆ ಮಾತು ಕಿವಿಯಲ್ಲಿ ಕೂತುಬಿಟ್ಟಿತು.

ಸೂಚಿಯಲ್ಲಿ 'ದಮಯಂತಿ, ಶಿರಿಯ: 41, 58, 90' ಎಂದಿದೆ. 41ನೇ ಪುಟದಲ್ಲಿ ಸಿಕ್ಕಿದ್ದು 'ಊರಿನವರೊಬ್ಬರು'. 58ರಲ್ಲಿ ಹಾಡು ಇದೆ, ಹಾಡಿದವರಿಲ್ಲ. 90ರಲ್ಲಿ 'ನನ್ನ ಬಾಲ್ಯದ ನೆನಪಿನಿಂದ' ಎಂದು ಬರೆದಿದ್ದೀರಿ. ಮೊದಲು ನನ್ನ ಕಣ್ಣನ್ನು ಸಂಶಯಿಸಿದೆ, ಆಮೇಲೆ ಪ್ರೆಸ್ಸಿನವರನ್ನು. ಇದು ಎರಡನೆಯ ಮುದ್ರಣ ಎಂದು ಗಮನಿಸಿದ್ದು ಕೊನೆಗೆ. ಒಳಗೆ ತಿದ್ದಿದ ಕೈ ಕೊನೆಯ ಸೂಚಿಯನ್ನು ತಿದ್ದಲು ಮರೆಯಿತೇ ಮಾಷ್ಟ್ರೇ?

ನಿಮಗೆ ಗೊತ್ತಿಲ್ಲ, ಶಿರಿಯ ಊರಿನ ಆ ದಮಯಂತಿ ನನ್ನ ಅಮ್ಮನ ಅಮ್ಮ. ನೀವು ವಾರಗಟ್ಟಲೆ ಬಂದು ಜಗಲಿಯಲ್ಲಿ ಕೂತು ಬರೆದುಕೊಂಡದ್ದನ್ನು, ಸಕ್ಕರೆ ಹಾಕದ ಚಹಾ ಕುಡಿದದ್ದನ್ನು ಹೇಳುತ್ತಿದ್ದರು. ಅಕ್ಷರ ಬಾರದವರು. ಮೊದಲ ಮುದ್ರಣ ಬಂದಾಗ ನೀವೇ ಅವರ ಹೆಸರನ್ನು ಓದಿ ಹೇಳಿದಿರಂತೆ. ಮುಂದೆ ಮಾವ ಕೊಂಡು ತಂದದ್ದು ಈ ಎರಡನೆಯದು. ಅಜ್ಜಿ ಅದರ ಮೇಲೆ ಕೈಯಿಟ್ಟು "ಇದರಲ್ಲಿ ನಾನುಂಟು" ಎನ್ನುವರು. ಮಾವ ಪುಟ ಮಗುಚಿ "ಎಲ್ಲಿ ಉಂಟಮ್ಮ, ಕನಸಲ್ಲಿಯಾ?" ಎನ್ನುವಾಗ ಎಲ್ಲರ ಜೊತೆ ನಾನೂ ನಕ್ಕಿದ್ದೇನೆ. ಸೂಚಿ ಇದ್ದ ಕೊನೆಯ ಹಾಳೆಗಳನ್ನು ಯಾರೂ ನೋಡಲಿಲ್ಲ. ಹೋದ ವರ್ಷ ಅಜ್ಜಿ ನಮ್ಮ ಪಾಲಿಗೆ ಸುಳ್ಳು ಹೇಳುವವರಾಗಿಯೇ ತೀರಿಕೊಂಡರು.

ನಿನ್ನೆ ನೀವು ಬಂದು "ಆ ಸೂಚಿಯಲ್ಲಿ ಒಂದೆರಡು ಹಳೆಯ ಹೆಸರು ಸರಿ ಇಲ್ಲ, ತೆಗೆದುಬಿಡು" ಎಂದಿರಿ. ಹೂಂ ಎಂದು ತಲೆಯಾಡಿಸಿದೆ. ತೆಗೆದಿಲ್ಲ. ಇವತ್ತು ಬೆಳಿಗ್ಗೆ ಅಜ್ಜಿಯ ಹೆಸರು ಕೊಟ್ಟು ನೋಡಿದೆ. ಪರದೆಯ ಮೇಲೆ ನಿಮ್ಮ ಪುಸ್ತಕ ಬಂತು. ಇನ್ನು ಯಾರು ಹುಡುಕಿದರೂ ಬರುತ್ತದೆ. ಅವರು ಪುಟ ತೆರೆದು ನೋಡುತ್ತಾರೆ, ಆಮೇಲೆ ನಿಮ್ಮನ್ನು ಕೇಳುತ್ತಾರೆ.

ನನ್ನ ಸಂಶಯ ತಪ್ಪಾಗಿರಲಿ ಎಂದು ಈಗಲೂ ಆಸೆ. ಮೊದಲ ಮುದ್ರಣದ ಪ್ರತಿ ನಿಮ್ಮಲ್ಲಿ ಇರಬಹುದು. ತಂದು ನನ್ನ ಮೇಜಿನ ಮೇಲಿಡಿ, ಮಾತಾಡಬೇಕೆಂದಿಲ್ಲ. ಅದರಲ್ಲಿರುವ ಅಜ್ಜಿಯ ಹೆಸರನ್ನು ಮಾವನಿಗೆ ತೋರಿಸಬೇಕು.

ನಿಮ್ಮ ಆರೋಗ್ಯ ಚೆನ್ನಾಗಿರಲಿ, ನಿಮ್ಮ ಕೈ ಬರೆಯುತ್ತಲೇ ಇರಲಿ.

ದಮಯಂತಿಯ ಮೊಮ್ಮಗಳು,
ಕಮಲ